ಲೂಸಿ ರೀ ಅವರ ಕಾಫಿ ಬಟ್ಟಲುಗಳು

ಹೊರಮೈ ಗಾಢ ಕಂದು, ಒಳಗೆ ಹಾಲುಬಿಳುಪು. ಹೂವಿಲ್ಲ, ಬಳ್ಳಿಯಿಲ್ಲ, ಚಿನ್ನದ ಅಂಚಿಲ್ಲ. ಕೆಲವು ಬಟ್ಟಲುಗಳ ಮೇಲೆ ಸೂಜಿಯಿಂದ ಗೀರಿದ ಕೂದಲೆಳೆಯಂಥ ಗೆರೆಗಳು, ಅಷ್ಟೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಲಂಡನ್ನಿನ ಪುಟ್ಟ ಕಾರ್ಯಾಗಾರವೊಂದರಲ್ಲಿ ಈ ಕಾಫಿ ಸೆಟ್ಟುಗಳನ್ನು ಮಾಡಿದವರು ಲೂಸಿ ರೀ. ಇಪ್ಪತ್ತನೇ ಶತಮಾನದ ಶ್ರೇಷ್ಠ ಕುಂಭಕಲಾವಿದರಲ್ಲಿ ಅವರೊಬ್ಬರು. ಆದರೆ ಅವರ ಪಾತ್ರೆಗಳ ಗುಟ್ಟು ತಿಳಿಯಬೇಕಾದರೆ ಮೊದಲು ಅವರ ಕಾಲದ ಕಟ್ಟಡಗಳನ್ನು ನೋಡಬೇಕು.

ರೀ ಹುಟ್ಟಿದ್ದು 1902ರಲ್ಲಿ, ವಿಯೆನ್ನಾದ ಯಹೂದಿ ಮನೆತನವೊಂದರಲ್ಲಿ. ಕಟ್ಟಡಗಳಿಗೆ ಮೆತ್ತಿದ ಗಾರೆಯ ಅಲಂಕಾರವೆಲ್ಲ ಯಾರಿಗೆ ಬೇಕು ಎಂಬ ವಾದ ಅವರ ಬಾಲ್ಯದಲ್ಲೇ ಆ ಊರಿನಲ್ಲಿ ಕಾವೇರಿತ್ತು. ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ ಅರಮನೆಯ ಎದುರಿಗೇ ಬೋಳು ಗೋಡೆಯ ಕಟ್ಟಡ ಎಬ್ಬಿಸಿ ಜನರ ಸಿಟ್ಟಿಗೆ ಗುರಿಯಾಗಿದ್ದರು. ಮುಂದೆ ರೀ ಕಲಿತ ಕಲಾಶಾಲೆಯಲ್ಲಿ ಇನ್ನೊಬ್ಬ ವಾಸ್ತುಶಿಲ್ಪಿ ಯೋಸೆಫ್ ಹಾಫ್‌ಮನ್ ಪಾಠ ಹೇಳುತ್ತಿದ್ದರು. ಈ ವಿದ್ಯಾರ್ಥಿನಿಯ ಕೆಲಸವನ್ನು ಮೆಚ್ಚಿ ಪ್ರದರ್ಶನಗಳಿಗೆ ಕಳಿಸಿದವರು ಅವರೇ.

1928ರಲ್ಲಿ ತರುಣ ವಾಸ್ತುಶಿಲ್ಪಿ ಅರ್ನ್ಸ್ಟ್ ಪ್ಲಿಷ್ಕೆ ರೀ ಅವರ ಮನೆಗೆ ಆಕ್ರೋಟು ಮರದ ಕಪಾಟು, ಸ್ಟೂಲುಗಳನ್ನು ರೂಪಿಸಿಕೊಟ್ಟರು. ನೇರ ಗೆರೆ, ಖಚಿತ ಅಳತೆ, ಕೆತ್ತನೆಯ ಸೋಂಕೂ ಇಲ್ಲ. 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ನುಂಗಿದಾಗ ರೀ ದೇಶ ಬಿಟ್ಟರು. ಆ ಪೀಠೋಪಕರಣಗಳನ್ನು ಮಾತ್ರ ಬಿಡಲಿಲ್ಲ! ಲಂಡನ್ನಿನ ಹೈಡ್ ಪಾರ್ಕ್ ಬಳಿಯ ಆಲ್ಬಿಯನ್ ಮ್ಯೂಸ್‌ನ ಸಣ್ಣ ಮನೆಗೆ ಅವನ್ನು ಹೊಂದಿಸಿಕೊಟ್ಟವರು ಸಿಗ್ಮಂಡ್ ಫ್ರಾಯ್ಡರ ಮಗ, ವಾಸ್ತುಶಿಲ್ಪಿ ಅರ್ನ್ಸ್ಟ್ ಫ್ರಾಯ್ಡ್. ಕೆಳಗೆ ತಿಗರಿ, ಮೇಲೆ ವಾಸ. 1995ರಲ್ಲಿ ತೀರಿಕೊಳ್ಳುವವರೆಗೂ ಅವರಿದ್ದದ್ದು ಅಲ್ಲೇ. ಯುದ್ಧಕಾಲದಲ್ಲಿ ಹೊಟ್ಟೆಪಾಡಿಗೆ ಪಿಂಗಾಣಿ ಗುಂಡಿಗಳನ್ನು ಮಾಡಿದರು. 1946ರಲ್ಲಿ ಹಾನ್ಸ್ ಕೋಪರ್ ಎಂಬ ತರುಣ ಸಹಾಯಕ್ಕೆ ಬಂದು ಸೇರಿದ ಮೇಲೆ ಊಟದ ಮೇಜಿನ ಪಾತ್ರೆಗಳತ್ತ ತಿರುಗಿದರು.

ಅವರ ವಿಧಾನವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಾಮಾನ್ಯವಾಗಿ ಪಾತ್ರೆಯನ್ನು ಒಮ್ಮೆ ಸುಟ್ಟು, ಮೆರುಗು ಹಚ್ಚಿ, ಮತ್ತೆ ಸುಡುತ್ತಾರೆ. ರೀ ಒಣಗಿದ ಹಸಿ ಪಾತ್ರೆಗೇ ಕುಂಚದಿಂದ ಮೆರುಗು ಬಳಿದು, ವಿದ್ಯುತ್ ಕುಲುಮೆಯಲ್ಲಿ ಒಂದೇ ಸಲ, ಸುಮಾರು 1250 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಿದ್ದರು. ಸುಡದ ಮಣ್ಣು ಮೆರುಗಿನ ನೀರು ಕುಡಿದರೆ ಬಿರಿಯುತ್ತದೆ, ಕುಸಿಯುತ್ತದೆ. ತೆಳ್ಳನೆಯ ಬಟ್ಟಲಿಗಂತೂ ಇದು ಅಪಾಯದ ಕೆಲಸ. ಗೆದ್ದರೆ ಮಣ್ಣೂ ಮೆರುಗೂ ಒಟ್ಟಿಗೇ ಬೆಂದು ಒಂದಾಗುತ್ತವೆ. ಬಣ್ಣ ಮೇಲೆ ಹೊದಿಸಿದಂತೆ ಕಾಣುವುದಿಲ್ಲ. ಹೊರಮೈಯ ಕಂದು ಮ್ಯಾಂಗನೀಸ್ ಆಕ್ಸೈಡಿನದು. ಗೆರೆ ಗೀರುವ ಯೋಚನೆ ಹೊಳೆದದ್ದು ಇಂಗ್ಲೆಂಡಿನ ಏವ್‌ಬರಿಯ ವಸ್ತುಸಂಗ್ರಹಾಲಯದಲ್ಲಿ ಪ್ರಾಗೈತಿಹಾಸಿಕ ಪಾತ್ರೆಗಳನ್ನು ಕಂಡಾಗ. ಆದರೆ ಆ ಗೆರೆ ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಎಂಬ ಲೆಕ್ಕ ವಿಯೆನ್ನಾದ್ದು. ಪಾತ್ರೆಯ ಮೈ ತಿರುಗುವ ಕಡೆಯೇ ಅದು ಮುಗಿಯುತ್ತದೆ.

ಆ ಕಾಲದ ಬ್ರಿಟಿಷ್ ಕುಂಬಾರಿಕೆಗೆ ಹಿರಿಯರಾಗಿದ್ದ ಬರ್ನಾರ್ಡ್ ಲೀಚ್ ಈ ಪಾತ್ರೆಗಳು ತೀರಾ ತೆಳುವೆಂದು ಆಕ್ಷೇಪಿಸಿದ್ದರು. ರೀ ಕೆಲಕಾಲ ಅವರ ದಾರಿ ಹಿಡಿಯಲು ನೋಡಿ, ಕೋಪರ್ ಕೊಟ್ಟ ಧೈರ್ಯದಿಂದ ತಮ್ಮ ದಾರಿಗೆ ಮರಳಿದರು. ಅದು ಕಲೆಯ ಪುಣ್ಯ. ಲೀಚ್ ಮೆಚ್ಚುತ್ತಿದ್ದ ಹಳ್ಳಿಮನೆಯ ದಪ್ಪ ಬೋಗುಣಿಗೆ ಅದರದೇ ಚೆಲುವಿದೆ. ಆದರೆ ನಗರದ ಚಿಕ್ಕ ಮನೆ, ಸಣ್ಣ ಮೇಜು, ದೊಡ್ಡ ಕಿಟಕಿಯ ಬೆಳಕಿಗೆ ಒಪ್ಪುವ ಪಾತ್ರೆಯನ್ನು ಕೈಯಿಂದಲೇ ಮಾಡಿ ತೋರಿಸಿದವರು ರೀ.

1989ರಲ್ಲಿ ವಸ್ತ್ರವಿನ್ಯಾಸಕ ಇಸ್ಸೇ ಮಿಯಾಕೆ ಜಪಾನಿನಲ್ಲಿ ಅವರ ಪಾತ್ರೆಗಳ ಪ್ರದರ್ಶನ ಏರ್ಪಡಿಸಿದಾಗ ಅದರ ವಿನ್ಯಾಸ ಮಾಡಿದವರು ಕಾಂಕ್ರೀಟ್ ಕಟ್ಟಡಗಳಿಗೆ ಹೆಸರಾದ ತಡಾವೊ ಆಂಡೊ. ವಾಸ್ತುಶಿಲ್ಪಿಗಳಿಗೆ ಈ ಬಟ್ಟಲುಗಳ ಭಾಷೆ ಸಲೀಸಾಗಿ ತಿಳಿಯುತ್ತದೆ.

ಪ್ಲಿಷ್ಕೆ ಅವರ ಪೀಠೋಪಕರಣಗಳು ಈಗ ವಿಯೆನ್ನಾಕ್ಕೆ ಮರಳಿವೆ. ರೀ ಅವರ ಕಾರ್ಯಾಗಾರವನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಸೆರಾಮಿಕ್ಸ್ ವಿಭಾಗದಲ್ಲಿ ಮರುಜೋಡಿಸಿದ್ದಾರೆ. ಮ್ಯೂಸಿಯಂ ಪ್ರವೇಶ ಉಚಿತ. ಲಂಡನ್ನಿನಲ್ಲಿರುವ, ಅಲ್ಲಿಗೆ ಹೋಗಿಬರುವ ಕನ್ನಡಿಗರು ತಪ್ಪದೆ ನೋಡಬೇಕು.