ಮ್ಯಾಟಿನ ಅಡಿಯ ತುಕ್ಕು

ಆದೋನಿ ಸೀಮೆಯ ಬಿಸಿಲು ಕಂಡವರಿಗೆ ಅಲ್ಲಿನ ಕಾರುಗಳಿಗೆ ತುಕ್ಕಿನ ಭಯವಿಲ್ಲ ಎನ್ನಿಸುವುದು ಸಹಜ. ಸಮುದ್ರ ದೂರ, ಮಳೆ ಕಡಿಮೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಒಣ ಬಿಸಿಲು. ಆದರೂ ಆದೋನಿಯಲ್ಲಾಗಲಿ, ಆಲೂರು, ಎಮ್ಮಿಗನೂರುಗಳಲ್ಲಾಗಲಿ ಹಳೆಯ ಅಂಬಾಸಿಡರ್ ಕಾರನ್ನು ಮತ್ತೆ ರಸ್ತೆಗಿಳಿಸಲು ಹೊರಟವರು ಬಾನೆಟ್ಟಿಗಿಂತ ಮೊದಲು ಕಾಲಡಿಯ ರಬ್ಬರ್ ಮ್ಯಾಟನ್ನು ಎತ್ತಿ ನೋಡಬೇಕು. ಹೊರಗಿನ ಬಣ್ಣ ಮಿರುಗುತ್ತಿದ್ದರೂ ಒಳಗಿನ ತಗಡಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಹಪ್ಪಳದಂತೆ ಮುರಿಯಬಹುದು.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರೂ ಬೇಕು, ಆಮ್ಲಜನಕವೂ ಬೇಕು. ಹಾಗಿದ್ದಮೇಲೆ ಗಾಳಿ ಹೆಚ್ಚು ತಾಗುವ ಜಾಗವೇ ಮೊದಲು ಸವೆಯಬೇಕಲ್ಲವೆ? ಕೇಂಬ್ರಿಜ್‌ನ ವಿಜ್ಞಾನಿ ಯೂಲಿಕ್ ಇವಾನ್ಸ್ 1920ರ ದಶಕದಲ್ಲಿ ಒಂದು ಹನಿ ಉಪ್ಪುನೀರಿನಿಂದ ಇದಕ್ಕೆ ಉತ್ತರ ತೋರಿಸಿದರು. ಉಜ್ಜಿ ಹೊಳಪಿಸಿದ ಕಬ್ಬಿಣದ ಮೇಲೆ ಹನಿ ಬಿಟ್ಟರೆ ಅದರ ಅಂಚಿಗೆ ಗಾಳಿ ಸಲೀಸಾಗಿ ಸಿಗುತ್ತದೆ, ನಡುವಿಗೆ ಸಿಗುವುದಿಲ್ಲ. ಈ ವ್ಯತ್ಯಾಸವೇ ಆ ಪುಟ್ಟ ಹನಿಯನ್ನು ವಿದ್ಯುತ್ ಕೋಶವಾಗಿಸುತ್ತದೆ. ನಡುವಿನ ಕಬ್ಬಿಣ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ. ಅವು ಲೋಹದೊಳಗೆ ಹರಿದು ಅಂಚಿಗೆ ಹೋಗಿ, ಅಲ್ಲಿನ ಆಮ್ಲಜನಕವನ್ನು ಸೇರುತ್ತವೆ. ಗಾಳಿ ಸಿಗದ ಕಡೆಯೇ ಲೋಹ ಸವೆಯುತ್ತದೆ. ಕಾರಿನ ಫ್ಲೋರ್ ಏಕೆ ಮೊದಲು ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ನನಗೆ ತಿಳಿಯದು.

ಮುಂದಿನ ಗಾಜಿನ ಸುತ್ತಲಿನ ರಬ್ಬರ್ ಒಣಗಿ ಬಿರಿದಿರುತ್ತದೆ. ವರ್ಷದಲ್ಲಿ ಬೀಳುವ ನಾಲ್ಕು ಒಳ್ಳೆಯ ಮಳೆಗೆ ಅಲ್ಲಿಂದ ನೀರು ಇಳಿದು ಮ್ಯಾಟಿನ ಕೆಳಗಿನ ಸೆಣಬಿನ ಹಾಸಿಗೆ ಸೇರಿದರೆ ವಾರಗಟ್ಟಲೆ ಆರುವುದಿಲ್ಲ. ಕೆಳಗಡೆಯಿಂದ ಎರೆಮಣ್ಣು ತಗಲಿಕೊಳ್ಳುತ್ತದೆ. ಈ ಜಿಗುಟು ಜೇಡಿ ನೀರನ್ನೂ ಅದರಲ್ಲಿ ಕರಗಿದ ಲವಣವನ್ನೂ ಹಿಡಿದಿಟ್ಟುಕೊಂಡು ತಗಡಿಗೆ ಅಂಟಿ ಕೂರುತ್ತದೆ. ಊರು ಒಣಗಿದ್ದರೂ ಆ ಎರಡು ಪದರಗಳ ನಡುವಿನ ತಗಡು ಒದ್ದೆಯಾಗಿಯೇ ಇರುತ್ತದೆ. ಇನ್ನು 2009ರ ಅಕ್ಟೋಬರಿನಲ್ಲಿ ಮಂತ್ರಾಲಯವನ್ನು ಮುಳುಗಿಸಿದ ತುಂಗಭದ್ರೆಯ ನೆರೆಯಂಥದ್ದು ಬಂದರೆ, ನೀರಿನಲ್ಲಿ ನಿಂತ ಕಾರಿನ ಬಾಗಿಲಡಿಯ ಟೊಳ್ಳು ತೊಲೆಗಳೊಳಗೂ ಕೆಸರು ಹೊಗುತ್ತದೆ. ಅಲ್ಲಿಗೆ ಪೊರಕೆಯೂ ತಲುಪದು, ಬಿಸಿಲೂ ತಲುಪದು.

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಎರಡು ತಗಡು ಕೂಡುವ ಜೋಡಣೆಯೊಳಗೆ ಅದು ಉಬ್ಬಿದಾಗ ಸ್ಪಾಟ್ ವೆಲ್ಡುಗಳೇ ಬಿಟ್ಟುಕೊಳ್ಳುತ್ತವೆ. ಜೀಪಿಗಾದರೆ ಭಾರ ಹೊರಲು ಬೇರೆ ಚಾಸಿಸ್ ಇದೆ. ಉತ್ತರಪಾರಾದ ಕಾರ್ಖಾನೆಯಿಂದ 2014ರವರೆಗೂ ಹೊರಬಂದ ಅಂಬಾಸಿಡರಿಗೆ ಅದಿಲ್ಲ. ಫ್ಲೋರ್, ತೊಲೆ, ಕಂಬ, ಛಾವಣಿ ಎಲ್ಲವೂ ಒಂದೇ ಒಡಲಾಗಿ ಭಾರ ಹೊರುತ್ತವೆ. ಆದ್ದರಿಂದ ತೂತಿನ ಮೇಲೆ ತಗಡು ಹೊದಿಸಿ ಟಾರು ಬಳಿಯುವುದನ್ನು ನಾನು ರಿಪೇರಿ ಎಂದು ಒಪ್ಪಲಾರೆ. ಒಳಗೆ ಉಳಿದ ತುಕ್ಕಿಗೆ ಅದು ಇನ್ನಷ್ಟು ಕತ್ತಲೆ, ಇನ್ನಷ್ಟು ತೇವ ಒದಗಿಸುತ್ತದೆ, ಅಷ್ಟೆ.

ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಲೇಬೇಕು. ಅದಕ್ಕೂ ಮೊದಲು ಬಾಗಿಲುಗಳ ಸಂದಿಗೆ ಅಡ್ಡಲಾಗಿ ಕಬ್ಬಿಣದ ಪೈಪು ಬೆಸೆಯುತ್ತಾರೆ. ಇಲ್ಲದಿದ್ದರೆ ಫ್ಲೋರ್ ತೆಗೆದ ಒಡಲು ಕುಸಿದು, ಮುಂದೆಂದೂ ಬಾಗಿಲು ಸರಿಯಾಗಿ ಕೂರುವುದಿಲ್ಲ. ಹೊಸ ತುಂಡಿಗೆ ಸುಮಾರು 1 ಮಿಲಿಮೀಟರ್ ದಪ್ಪದ ಸಿಆರ್ (ಕೋಲ್ಡ್ ರೋಲ್ಡ್) ಶೀಟ್ ಸಾಕು. ಅದರಲ್ಲಿ ಏಣುಗಳನ್ನು ಎಬ್ಬಿಸುವುದು ಅಂದಕ್ಕಲ್ಲ. ಸಮತಟ್ಟಾದ ತಗಡು ಕಾಲಿಟ್ಟರೆ ಬಳುಕುತ್ತದೆ. ಏಣು ಬಿದ್ದ ತಗಡು ಅದೇ ದಪ್ಪದಲ್ಲಿ ಎಷ್ಟೋ ಪಾಲು ಬಿಗಿಯಾಗಿರುತ್ತದೆ.

ಬೆಸುಗೆಯಲ್ಲಿ ಕಾಡುವುದು ಶಾಖ. 1 ಮೀಟರ್ ಉಕ್ಕು 100 ಡಿಗ್ರಿ ಬಿಸಿಯಾದರೆ ಸುಮಾರು 1.2 ಮಿಲಿಮೀಟರ್ ಹಿಗ್ಗುತ್ತದೆ. ಬೆಸುಗೆಯ ಗೆರೆ ಕರಗುವಷ್ಟು ಕಾದು, ಪಕ್ಕದ ಲೋಹ ತಣ್ಣಗೇ ಉಳಿದರೆ, ಆರುವಾಗ ತಗಡು ಸುಕ್ಕಾಗುತ್ತದೆ. ಹಾಗಾಗಿ ಅನುಭವಸ್ಥ ಟಿಂಕರ್ ಒಂದೇ ಉಸಿರಿಗೆ ಗೆರೆ ಎಳೆಯುವುದಿಲ್ಲ. ಇಲ್ಲೊಂದು ಚುಕ್ಕೆ, ಅಷ್ಟು ದೂರದಲ್ಲಿ ಇನ್ನೊಂದು ಚುಕ್ಕೆ ಇಟ್ಟು, ತಣಿಯಲು ಬಿಟ್ಟು, ನಡುವಿನ ಜಾಗ ತುಂಬುತ್ತಾರೆ. ಗ್ಯಾಸ್ ವೆಲ್ಡಿಂಗಿಗಿಂತ ಸಿಒಟು ವೆಲ್ಡಿಂಗ್ ಇಲ್ಲಿ ಮೇಲು. ಅದರ ಶಾಖ ಅಷ್ಟು ಅಗಲಕ್ಕೆ ಹರಡುವುದಿಲ್ಲ. ಸತು ಲೇಪಿಸಿದ ಜಿಐ ಶೀಟ್ ಬಳಸುವವರು ಬೆಸೆಯುವ ಅಂಚಿನ ಸತುವನ್ನು ಮೊದಲು ಉಜ್ಜಿ ತೆಗೆಯಬೇಕು. ಸತು 907 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ, ಆ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ.

ಹೊಸ ತಗಡಿನ ಮೂಲವೂ ಬಲು ದೂರದ್ದಾಗಿರಬೇಕಿಲ್ಲ. 1953ರಲ್ಲಿ ಆಂಧ್ರ ರಾಜ್ಯವಾಗುವವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯವೇ. ಆ ಬಳ್ಳಾರಿ ಸೀಮೆಯ ಸಂಡೂರು ಬೆಟ್ಟಗಳ ಕೆಂಪು ಅದಿರು ಎಂದರೆ ಹೆಮಟೈಟ್, ಅಂದರೆ ಕಬ್ಬಿಣ ಮತ್ತು ಆಮ್ಲಜನಕದ ಕೂಟ. ತೋರಣಗಲ್ಲಿನ ಕುಲುಮೆಗಳಲ್ಲಿ ಅಪಾರ ಶಾಖ ಕೊಟ್ಟು ಆ ಆಮ್ಲಜನಕವನ್ನು ಕಿತ್ತು ಉಕ್ಕು ಮಾಡುತ್ತಾರೆ. ತುಕ್ಕು ಹಿಡಿಯುವುದೆಂದರೆ ಕಬ್ಬಿಣ ತಾನಾಗಿಯೇ ಆಮ್ಲಜನಕದ ಜೊತೆಗೆ ಮರಳುವುದು. ಅದನ್ನು ಪೂರ್ತಿ ನಿಲ್ಲಿಸಲಾಗದು, ನಿಧಾನಗೊಳಿಸಬಹುದು.

ಅದಕ್ಕೇ ಬೆಸುಗೆಯ ಮೇಲೆ ಸತು ತುಂಬಿದ ಪ್ರೈಮರ್ ಬಳಿಯುವುದು. ಉಕ್ಕಿಗಿಂತ ಮೊದಲು ಸತುವೇ ಎಲೆಕ್ಟ್ರಾನು ಕೊಟ್ಟು ಸವೆಯುತ್ತದೆ. ತೊಲೆಗಳ ಟೊಳ್ಳಿಗೆ ತೆಳು ಮೇಣ ಸಿಂಪಡಿಸಬೇಕು, ಜೋಡಣೆಯ ಸಂದಿಗಳಿಗೆ ಸೀಲಂಟ್ ತುಂಬಬೇಕು. ನೀರು ಬಸಿದುಹೋಗುವ ತೂತುಗಳನ್ನು ಮಾತ್ರ ಬಣ್ಣವಾಗಲಿ ಟಾರಾಗಲಿ ಮುಚ್ಚದಂತೆ ತಂತಿ ಹಾಕಿ ಬಿಡಿಸಿಡಬೇಕು. ಮ್ಯಾಟನ್ನು ಅಂಟಿಸದೆ ಹಾಗೇ ಹಾಸಿದರೆ, ಪ್ರತಿ ಮಳೆಯ ನಂತರ ಎತ್ತಿ ಒಣಗಿಸಲು ಆದೋನಿಯ ಬಿಸಿಲು ಇದ್ದೇ ಇದೆ.