ಬಚ್ಚಲುಮನೆಯಲ್ಲಿ ಅಮ್ಮನ ಕೈ ಎಲ್ಲಿಗೆ ಹೋಗುತ್ತೆ?

ರಿಚರ್ಡ್ಸ್ ಟೌನ್‌ಗೆ ಬಾಡಿಗೆ ಮನೆ ನೋಡೋಕೆ ಬರುವವರು ಮೊದಲು ಮರಗಳನ್ನು ನೋಡುತ್ತಾರೆ. ಆಮೇಲೆ ಪಾರ್ಕ್ ಎಷ್ಟು ದೂರ ಅಂತ ಕೇಳುತ್ತಾರೆ. ಬಚ್ಚಲುಮನೆಗೆ ಮಾತ್ರ ಬಾಗಿಲಲ್ಲೇ ನಿಂತು ಇಣುಕಿ, 'ಗೀಸರ್ ಇದೆಯಲ್ಲಾ?' ಅಂದು ಮುಂದೆ ಹೋಗುತ್ತಾರೆ. ಮನೆಯಲ್ಲಿ ಸಂಧಿವಾತ ಇರುವವರೊಬ್ಬರಿದ್ದರೆ ಈ ಲೆಕ್ಕ ಪೂರ್ತಿ ಉಲ್ಟಾ. ಅಲ್ಲಿ ಮೊದಲು ನೋಡಬೇಕಾದದ್ದೇ ಬಚ್ಚಲುಮನೆ.

ನಮ್ಮಮ್ಮನ ಎರಡೂ ಮಂಡಿ ಸವೆದಿವೆ, ಬೆರಳ ಗೆಣ್ಣುಗಳೂ ಊದಿಕೊಂಡಿವೆ. ಕಳೆದ ವರ್ಷ ಹಾಸನ ಬಿಟ್ಟು ನನ್ನ ಜೊತೆ ಇರೋಕೆ ಬಂದರು. ನಮ್ಮದು ಹಳೇ ಮನೆಯ ಕೆಳಗಿನ ಭಾಗ. ರೆಡ್ ಆಕ್ಸೈಡ್ ನೆಲ, ಎತ್ತರದ ಚಾವಣಿ, ಎಲ್ಲಾ ಚೆನ್ನ. ಆದರೆ ಬಚ್ಚಲಿಗೆ ಒಂದು ಮೆಟ್ಟಿಲು ಇಳೀಬೇಕು, ಕಮೋಡು ಗಿಡ್ಡ, ನಲ್ಲಿಗಳು ಹಳೇ ಕಾಲದ ತಿರುಪಿನವು. ಬಂದ ಎರಡೇ ವಾರಕ್ಕೆ ಅಮ್ಮ ಸಂಜೆ ಏಳರ ಮೇಲೆ ನೀರು ಕುಡಿಯೋದನ್ನೇ ನಿಲ್ಲಿಸಿದರು. ಯಾಕೆ ಅಂದರೆ, "ರಾತ್ರಿ ಎದ್ದು ಅಲ್ಲಿಗೆ ಯಾರು ಹೋಗ್ತಾರೆ, ಬಿಡೇ" ಅನ್ನುವ ಉತ್ತರ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನ ಸುಮಾರು 52.8 ಕೋಟಿ ಜನರಿಗೆ ಆಸ್ಟಿಯೋ ಆರ್ಥ್ರೈಟಿಸ್ ಇತ್ತು. ಅದರಲ್ಲಿ ಹೆಚ್ಚಿನದು ಮಂಡಿಯದ್ದು. ಬಿದ್ದು ಪ್ರಾಣ ಕಳೆದುಕೊಳ್ಳುವವರು ವರ್ಷಕ್ಕೆ ಅಂದಾಜು 6.84 ಲಕ್ಷ. ಆದರೆ ಬೀಳುವುದಕ್ಕೂ ಮುಂಚೆ ಬರುವುದು ಬೀಳುವ ಭಯ. ಆ ಭಯಕ್ಕೆ ನೀರು ಕಡಿಮೆಯಾಗುತ್ತೆ, ಸ್ನಾನ ದಿನ ಬಿಟ್ಟು ದಿನ ಆಗುತ್ತೆ. ಮಲಬದ್ಧತೆ, ಮೂತ್ರದ ಸೋಂಕು ಹಿಂದೆಯೇ ಬರುತ್ತವೆ. ಮನೆಯವರಿಗೆ ಇದ್ಯಾವುದೂ ಕಾಣಿಸೋದಿಲ್ಲ.

ಸೀಮೆಸುಣ್ಣದ ಗುರುತು

ಗ್ರ್ಯಾಬ್ ಬಾರ್ ಹಾಕಿಸೋಣ ಅಂದರೆ ಅಮ್ಮ ಒಪ್ಪಲಿಲ್ಲ. "ಬಂದೋರೆಲ್ಲ ನೋಡ್ತಾರೆ. ಮನೇನ ಆಸ್ಪತ್ರೆ ಥರ ಮಾಡ್ಬೇಡ ಕಣೇ." ವಾದ ಮಾಡಲಿಲ್ಲ. ಒಂದು ಭಾನುವಾರ ನೆಲ ಒಣಗಿದ್ದಾಗ, "ದಿನಾ ಹೇಗೆ ಹೋಗ್ತೀಯೋ ಹಾಗೇ ಒಂದ್ಸಲ ಹೋಗಿ ಕೂತು ಎದ್ದು ಬಾಮ್ಮ" ಅಂದೆ. ಅಮ್ಮನ ಕೈ ಮುಟ್ಟಿದ ಕಡೆಯಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಮೂರು ಗುರುತು: ಬಾಗಿಲ ಚೌಕಟ್ಟು, ವಾಷ್‌ಬೇಸಿನ್ ಅಂಚು, ಟವೆಲ್ ಕಂಬಿ. ಬೇಸಿನ್ ಆಗಲಿ ಟವೆಲ್ ಕಂಬಿ ಆಗಲಿ ಆಳಿನ ಭಾರ ಹೊರೋಕೆ ಮಾಡಿದ್ದಲ್ಲ. ಅಮ್ಮನೇ ಕಂಬಿ ಅಲ್ಲಾಡಿಸಿ ನೋಡಿ, "ಇದು ಒಂದಿನ ಕಿತ್ಕೊಂಡು ಬರುತ್ತೆ" ಅಂದರು. ಎಲ್ಲಿ ಬಾರ್ ಬೇಕು, ಎಲ್ಲಿ ಬೇಡ ಅಂತ ಆಮೇಲೆ ಹೇಳಿದ್ದೂ ಅವರೇ.

ಬಾರ್ ಎಂಥದ್ದು?

ಅಮೆರಿಕದ ಎಡಿಎ ಮಾನದಂಡದಲ್ಲಿ ಅಳತೆ ಸ್ಪಷ್ಟವಾಗಿದೆ. ದುಂಡನೆಯ ಬಾರ್‌ನ ದಪ್ಪ 32ರಿಂದ 51 ಮಿ.ಮೀ., ಗೋಡೆಗೂ ಬಾರ್‌ಗೂ ನಡುವೆ 38 ಮಿ.ಮೀ., ತಡೆಯಬೇಕಾದ ಭಾರ ಸುಮಾರು 113 ಕೆ.ಜಿ. ಬೆರಳು ಪೂರ್ತಿ ಮಡಚದವರಿಗೆ ತೆಳ್ಳಗಿನ ಕಂಬಿಗಿಂತ ಸ್ವಲ್ಪ ದಪ್ಪಗಿನದೇ ಸಲೀಸು. ಸಂದು ಅಗಲವಾದರೆ, ಜಾರಿದಾಗ ತೋಳು ಒಳಗೆ ಸಿಕ್ಕಿಕೊಳ್ಳುವ ಅಪಾಯ ಇದೆ.

ಗೋಡೆಯನ್ನೂ ನೋಡಿ. ಹಳೇ ಮನೆಗಳಲ್ಲಿ ಗಾರೆ ಸಡಿಲವಾಗಿರುತ್ತೆ. ತಟ್ಟಿ ನೋಡಿ, ಇಟ್ಟಿಗೆವರೆಗೆ ಹೋಗುವ ಉದ್ದನೆಯ ಆಂಕರ್ ಹಾಕಿಸಬೇಕು. ಹೊಸ ಅಪಾರ್ಟ್‌ಮೆಂಟಿನ ಹಗುರ ಬ್ಲಾಕ್ ಗೋಡೆಗೆ ಬೇರೆ ಥರದ ಆಂಕರ್ ಬೇಕು. ಗಾಳಿ ಹಿಡಿತದಲ್ಲಿ ಅಂಟಿಕೊಳ್ಳುವ ಬಾರ್‌ಗಳನ್ನು ನಂಬಿ ಭಾರ ಹಾಕಬೇಡಿ.

ಕೂರುವ ಎತ್ತರ

ಆ ಮಾನದಂಡದ ಪ್ರಕಾರ ಕಮೋಡಿನ ಸೀಟು ನೆಲದಿಂದ 17ರಿಂದ 19 ಇಂಚು ಇರಬೇಕು. ಮನೆಯವರ ಅಳತೆಗೆ ಸರಿಯಿದೆಯಾ ಅಂತ ತಿಳಿಯೋದು ಸುಲಭ: ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು. ಗಿಡ್ಡ ಇದ್ದರೆ ಕಮೋಡು ಒಡೆಯೋದೇನೂ ಬೇಡ. ಮೇಲೆ ಬಿಗಿಯುವ ಎತ್ತರದ ಸೀಟುಗಳು ಸಿಗುತ್ತವೆ.

ಬಕೆಟ್, ಮಗ್, ನಲ್ಲಿ

ತುಂಬಿದ 20 ಲೀಟರ್ ಬಕೆಟ್ ಅಂದರೆ 20 ಕೆ.ಜಿ. ಅದನ್ನು ಎಳೆಯೋದೂ ಬೇಡ, ಬಗ್ಗಿ ಮೊಗೆಯೋದೂ ಬೇಡ. ನಮ್ಮಲ್ಲಿ ಬಕೆಟ್ಟನ್ನು ನಲ್ಲಿ ಕೆಳಗೇ ಗಟ್ಟಿ ಸ್ಟೂಲ್ ಮೇಲೆ ಇಟ್ಟಿದ್ದೇವೆ. ಪಕ್ಕದಲ್ಲೇ ಅಮ್ಮನಿಗೆ ಕೂರಲು ರಬ್ಬರ್ ಕಾಲಿನ ಸ್ನಾನದ ಕುರ್ಚಿ. ಒಂದು ಲೀಟರ್ ಮಗ್ ಹೋಗಿ ಅರ್ಧ ಲೀಟರಿನದು ಬಂತು, ತಿರುಪಿನ ನಲ್ಲಿ ಹೋಗಿ ಲಿವರ್ ನಲ್ಲಿ ಬಂತು. ಲಿವರನ್ನು ಬೆರಳು ಮಡಚದೆ ಅಂಗೈಯಿಂದಲೇ ತಳ್ಳಬಹುದು.

ನೆಲ ಮತ್ತು ಎಣ್ಣೆಸ್ನಾನ

ಬೋರ್‌ವೆಲ್‌ನ ಗಡಸು ನೀರಿಗೆ ಸೋಪು ಸೇರಿದರೆ ನೆಲದ ಮೇಲೆ ಜಾರುವ ಪದರ ಕಟ್ಟುತ್ತೆ. ಆಗಾಗ ಬ್ರಷ್ ಹಾಕಿ ಉಜ್ಜಲೇಬೇಕು. ಬಾಗಿಲಲ್ಲಿ ಹಾಸುವ ಹಳೇ ಸೀರೆಯ ಕಾಲೊರೆಸು ಜಾರುತ್ತೆ, ಅಡಿಗೆ ರಬ್ಬರ್ ಇರುವುದನ್ನು ಹಾಕಿ. ಯುಗಾದಿ, ದೀಪಾವಳಿಯ ಎಣ್ಣೆಸ್ನಾನ ತಪ್ಪಿಸೋಕಾಗಲ್ಲ. ಎಣ್ಣೆಯನ್ನು ಬಚ್ಚಲ ಹೊರಗೇ ಕುರ್ಚಿ ಮೇಲೆ ಕೂರಿಸಿ ಹಚ್ಚಿ, ಅಂಗಾಲು ಒರೆಸಿ, ಆಮೇಲೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ. ನಮ್ಮ ಬಚ್ಚಲಿನ ಮೆಟ್ಟಿಲ ಅಂಚಿಗೆ ಹಳದಿ ಟೇಪ್ ಅಂಟಿಸಿದ್ದೇವೆ. ಮಂಚದಿಂದ ಅಲ್ಲಿವರೆಗೆ ಸೆನ್ಸರ್ ದೀಪ ಇದೆ.

ಬೆಳಿಗ್ಗೆ ಎದ್ದ ಕೂಡಲೇ ಕೀಲುಗಳು ಬಿಗಿದುಕೊಂಡಿರುತ್ತವೆ. ರುಮಟಾಯ್ಡ್ ಆರ್ಥ್ರೈಟಿಸ್ ಇದ್ದವರಿಗೆ ಆ ಬಿಗಿತ ಒಂದು ಗಂಟೆಗೂ ಮೀರಬಹುದು. ನಮಗೆ ಆಫೀಸಿಗೆ ಹೊತ್ತಾಯಿತು ಅಂತ ಅವರನ್ನು ಬೇಗ ಸ್ನಾನಕ್ಕೆ ಕಳಿಸಬೇಡಿ.

ಬಾಡಿಗೆ ಮನೆಯಾದರೆ?

ಗೋಡೆ ಕೊರೆಯೋಕೆ ಮೊದಲು ಓನರ್ ಒಪ್ಪಿಗೆ ಕೇಳಿ. ಒಪ್ಪದಿದ್ದರೆ ಕಮೋಡಿನ ಸುತ್ತ ನಿಲ್ಲಿಸುವ ನಾಲ್ಕು ಕಾಲಿನ ಹಿಡಿಕೆ ಫ್ರೇಮ್, ಎತ್ತರದ ಸೀಟು, ಸ್ನಾನದ ಕುರ್ಚಿ ಇಷ್ಟರಿಂದ ಬಹುಪಾಲು ಕೆಲಸ ಆಗುತ್ತೆ. ಮನೆ ಬದಲಿಸಿದರೆ ಜೊತೆಗೇ ಒಯ್ಯಬಹುದು. ಯಾವುದು ಸರಿಹೊಂದುತ್ತೆ ಅಂತ ಆಕ್ಯುಪೇಷನಲ್ ಥೆರಪಿಸ್ಟ್ ಅಥವಾ ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಕೇಳಿದರೆ ದುಡ್ಡು ವ್ಯರ್ಥ ಆಗಲ್ಲ.

ಕೊನೆಯದು ಬಾಗಿಲು. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಯಾರಾದರೂ ಬಿದ್ದರೆ ಹೊರಗಿನಿಂದ ತಳ್ಳೋಕಾಗಲ್ಲ. ಆದ್ದರಿಂದ ಹೊರಕ್ಕೆ ತೆರೆಯುವಂತೆ ಮಾಡಿಸಿ, ಚಿಲಕದ ಬದಲು ಹೊರಗಿನಿಂದಲೂ ತೆಗೆಯಬಹುದಾದ ಲಾಕ್ ಹಾಕಿಸಿದೆವು. ಅದಕ್ಕೆ ಅಮ್ಮ ಒಂದೇ ಷರತ್ತು ಹಾಕಿದರು: "ನಾನು ಕೂಗದೆ ಯಾರೂ ತೆಗೀಬಾರ್ದು. ಮೊದಲು ತಟ್ಟಬೇಕು." ಮನೆಯಲ್ಲಿ ಎಲ್ಲರೂ ಅದನ್ನು ಪಾಲಿಸುತ್ತೇವೆ.