ಟೇಪಿನೊಳಗೆ ಹುದುಗಿದ್ದ ಹಾಡಿನ ಮಾತು

1980ನೆಯ ಇಸವಿ ಮೇ ತಿಂಗಳ 2ನೆಯ ತಾರೀಖಿನಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಹೈ ಹಾಲ್ ಎಂಬಲ್ಲಿ ನಾಲ್ವರು ತರುಣರ ವಾದ್ಯಗೋಷ್ಠಿಯೊಂದು ನಡೆಯಿತು. ತಂಡದ ಹೆಸರು ಜಾಯ್ ಡಿವಿಷನ್. ಪಂಕ್ ಎಂಬ ಒರಟು ಸಂಗೀತದ ಬೆನ್ನಿಗೇ ಬ್ರಿಟನ್ನಿನಲ್ಲಿ ಎದ್ದ ‘ಹೊಸ ಅಲೆ’ಯ ಕಾಲದ ತಂಡವಿದು. ಪಂಕೋತ್ತರವೆಂಬ ಬೇರೆಯ ಹೆಸರಿನಿಂದ ಇದನ್ನು ಕರೆಯುವವರೂ ಉಂಟು; ಆ ವಿವಾದ ನಮಗೆ ಬೇಡ. ಇಯಾನ್ ಕರ್ಟಿಸ್ ಹಾಡುಗಾರ; ಬರ್ನಾರ್ಡ್ ಸಮ್ನರ್ ಗಿಟಾರಿನವನು; ಪೀಟರ್ ಹುಕ್ ಬೇಸ್ ಗಿಟಾರನ್ನೂ ಸ್ಟೀಫನ್ ಮಾರಿಸ್ ಡ್ರಮ್ಮುಗಳನ್ನೂ ನುಡಿಸುತ್ತಿದ್ದರು. ಆ ದಿನ ಅವರು ‘ಸೆರಮನಿ’ ಎಂಬ ಹೊಸ ಹಾಡೊಂದನ್ನು ಸಭೆಯ ಮುಂದೆ ಹಾಡಿದರು. ಯಾರೋ ಟೇಪಿನ ಯಂತ್ರವನ್ನು ಓಡಿಸಿದ್ದರು.

ಹದಿನಾರು ದಿನಗಳ ಮೇಲೆ, ಮೇ 18ರಂದು, ಕರ್ಟಿಸ್ ತನ್ನ ಜೀವವನ್ನು ತಾನೇ ಕಳೆದುಕೊಂಡನು. ಅವನಿಗೆ ಆಗ 23 ವರ್ಷ. ಮರುದಿನ ತಂಡವು ಅಮೆರಿಕಕ್ಕೆ ಹೊರಡುವುದೆಂದು ಗೊತ್ತಾಗಿತ್ತು. ಉಳಿದ ಮೂವರು ‘ನ್ಯೂ ಆರ್ಡರ್’ ಎಂಬ ಹೊಸ ಹೆಸರನ್ನಿಟ್ಟುಕೊಂಡು ‘ಸೆರಮನಿ’ಯನ್ನೇ ತಮ್ಮ ಮೊದಲನೆಯ ಧ್ವನಿಮುದ್ರಿಕೆಯಾಗಿ ತರಲು ನಿಶ್ಚಯಿಸಿದರು. ಆದರೆ ಹಾಡಿನ ಮಾತುಗಳನ್ನು ಬರೆದಿಟ್ಟ ಕಾಗದವಿರಲಿಲ್ಲ. ಇದ್ದದ್ದು ಗೋಷ್ಠಿಯ ಟೇಪು, ಮತ್ತು ಮೇ 14ರ ಅಭ್ಯಾಸದ ಒಂದು ಟೇಪು. ಎರಡರಲ್ಲಿಯೂ ಕರ್ಟಿಸನ ಕಂಠವು ವಾದ್ಯಗಳ ಅಬ್ಬರದಲ್ಲಿ ಮುಳುಗಿಹೋಗಿತ್ತು. ಮಾತುಗಳನ್ನು ಗುರುತಿಸುವುದಕ್ಕಾಗಿ ಧ್ವನಿಯನ್ನು ‘ಗ್ರಾಫಿಕ್ ಈಕ್ವಲೈಸರ್’ ಎಂಬ ಉಪಕರಣದ ಮೂಲಕ ಹಾಯಿಸಿ ಕೇಳಬೇಕಾಯಿತೆಂದು ಸಮ್ನರ್ ಹೇಳಿದ್ದಾನೆ.

ಮುಳುಗಿದ ಮಾತನ್ನು ಒಂದು ಪೆಟ್ಟಿಗೆ ಮೇಲಕ್ಕೆತ್ತುವುದೆಂದರೇನು? ಇದನ್ನು ತಿಳಿಯಬೇಕಾದರೆ ಮಾತು ಮುಳುಗುವುದು ಹೇಗೆಂಬುದನ್ನು ಮೊದಲು ನೋಡಬೇಕು.

ಟೇಪೆಂಬುದು ಪ್ಲಾಸ್ಟಿಕ್ಕಿನ ತೆಳುವಾದ ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳ ಲೇಪವಿರುತ್ತದೆ. ಮೈಕ್ರೊಫೋನಿನಿಂದ ಬಂದ ವಿದ್ಯುತ್ಪ್ರವಾಹವು ಏರಿಳಿದಂತೆಲ್ಲ ಈ ಕಣಗಳ ಕಾಂತತ್ವವೂ ಏರಿಳಿಯುತ್ತದೆ. ಕಂಠಕ್ಕೊಂದು, ಡ್ರಮ್ಮಿಗೊಂದು ಎಂದು ಅದರಲ್ಲಿ ಬೇರೆ ಬೇರೆ ಗೂಡುಗಳಿಲ್ಲ. ಎಲ್ಲ ಶಬ್ದಗಳೂ ಗಾಳಿಯಲ್ಲಿ ಕೂಡಿ ಒಂದೇ ಒತ್ತಡದ ಅಲೆಯಾಗಿ ಬರುತ್ತವೆ; ಆ ಮೊತ್ತವೇ ಟೇಪಿನ ಮೇಲೆ ಮೂಡುತ್ತದೆ. ಮಜ್ಜಿಗೆಗೆ ಬೆರೆತ ನೀರಿನಂತೆ ಅವು ಒಂದಾಗಿಬಿಟ್ಟಿವೆಯೆಂದು ತೋರುವುದು ಸಹಜ.

ಆದರೆ ಪೂರ್ತಿಯಾಗಿ ಒಂದಾಗಿರುವುದಿಲ್ಲ. ಶಬ್ದಗಳ ಕಂಪನಸಂಖ್ಯೆಗಳು ಬೇರೆ ಬೇರೆ. ಬೇಸ್ ಗಿಟಾರಿನ ಅತಿ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಸಾಧಾರಣ ಗಿಟಾರಿನದು 82 ಸಲ. ಗಂಡಸಿನ ಮಾತಿನ ಮೂಲ ಶ್ರುತಿ 100ರಿಂದ 150ರ ಆಸುಪಾಸಿನಲ್ಲಿರುತ್ತದೆ. ಆದರೆ ಮಾತಿನ ಅರ್ಥವಿರುವುದು ಆ ಮೂಲ ಶ್ರುತಿಯಲ್ಲಲ್ಲ. ಕಾಲು, ಪಾಲು, ಸಾಲು, ಶಾಲು ಎಂಬ ನಾಲ್ಕು ಪದಗಳನ್ನು ಗಟ್ಟಿಯಾಗಿ ಉಚ್ಚರಿಸಿ ನೋಡಿರಿ. ಇವುಗಳಲ್ಲಿ ಬದಲಾಗುವುದು ಮೊದಲ ವ್ಯಂಜನವೊಂದೇ. ಸಕಾರ ಶಕಾರಗಳ ಸೀತ್ಕಾರವು 2,000ದಿಂದ 8,000ದವರೆಗೂ, ಅದಕ್ಕಿಂತ ಮೇಲೆಯೂ ಹರಡಿರುತ್ತದೆ. ಅದರ ಬಲವೋ ಸ್ವರಗಳ ಮುಂದೆ ಬಹು ಅಲ್ಪ. ಹಳೆಯ ಟೆಲಿಫೋನುಗಳು 300ರಿಂದ 3,400ರವರೆಗಿನ ಕಂಪನಗಳನ್ನು ಮಾತ್ರ ಸಾಗಿಸುತ್ತಿದ್ದವು. ಗಂಡಸಿನ ಮೂಲ ಶ್ರುತಿಯೇ ಅದರಲ್ಲಿ ಕತ್ತರಿಸಿಹೋದರೂ ಸಂಭಾಷಣೆ ಕೆಡುತ್ತಿರಲಿಲ್ಲ. ಆದರೆ ಅಪರಿಚಿತ ಹೆಸರೊಂದು ಬಂದಾಗ ‘ಸ’ಯೋ ‘ಫ’ಯೋ ಎಂದು ಮತ್ತೆ ಕೇಳಬೇಕಾಗುತ್ತಿತ್ತು.

ಇಂಥ ದುರ್ಬಲವಾದ ವ್ಯಂಜನಗಳ ಮೇಲೆ ಬೇಸ್ ಗಿಟಾರೂ ಡ್ರಮ್ಮೂ ಬಿದ್ದರೆ ಏನಾದೀತು? ಕಿವಿಯ ರಚನೆಯೇ ಇಲ್ಲಿ ಮಾತಿಗೆ ಪ್ರತಿಕೂಲವಾಗಿದೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ನಾಳವೊಂದಿದೆ. ಅದರ ಉದ್ದಕ್ಕೂ ಒಂದು ಪೊರೆ ಚಾಚಿದೆ. ಹೊರಗಿನ ಶಬ್ದವು ಈ ಪೊರೆಯ ಮೇಲೆ ಅಲೆಯಾಗಿ ಚಲಿಸುವುದನ್ನು ಕಂಡುಹಿಡಿದ ಗೆಯಾರ್ಗ್ ಫಾನ್ ಬೇಕೇಶಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ತಾರದ ಶಬ್ದಗಳು ನಾಳದ ಬಾಗಿಲಿನ ಬಳಿಯಲ್ಲೇ ಪೊರೆಯನ್ನು ಅಲುಗಿಸಿ ನಿಂತುಬಿಡುತ್ತವೆ. ಮಂದ್ರದ ಶಬ್ದಗಳಾದರೋ ತುದಿಯವರೆಗೂ ಸಾಗಬೇಕು. ಹಾದಿಯಲ್ಲಿ ತಾರದ ಜಾಗವನ್ನು ತುಳಿದುಕೊಂಡೇ ಹೋಗಬೇಕು. ಆದ್ದರಿಂದ ಜೋರಾದ ಮಂದ್ರವು ತಾರವನ್ನು ಸುಲಭವಾಗಿ ಮರೆಮಾಡುತ್ತದೆ. ತಾರಕ್ಕೆ ಮಂದ್ರವನ್ನು ಮರೆಮಾಡುವ ಶಕ್ತಿ ಅಷ್ಟಾಗಿ ಇಲ್ಲ.

ಟೇಪಿನ ದೋಷ ಬೇರೆ. ಸಾಧಾರಣ ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡುತ್ತದೆ. ಸೆಕೆಂಡಿಗೆ 10,000 ಕಂಪನಗಳ ಶಬ್ದವೊಂದರ ಒಂದು ಅಲೆಗೆ ಅದರ ಮೇಲೆ ಸಿಗುವ ಸ್ಥಳವು ಮಿಲಿಮೀಟರಿನ ಸುಮಾರು ಇನ್ನೂರರಲ್ಲಿ ಒಂದು ಪಾಲು! ಓದುವ ತಲೆಗೆ ಒಂದಿಷ್ಟು ಧೂಳು ಕುಳಿತರೆ, ಅಥವಾ ಅದು ಕೂದಲೆಳೆಯಷ್ಟು ಓರೆಯಾದರೆ, ಮೊದಲು ಅಳಿಸಿಹೋಗುವುದು ಈ ವ್ಯಂಜನಗಳೇ.

ಇನ್ನು ಈಕ್ವಲೈಸರಿಗೆ ಬರೋಣ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ನೂಕಿದರೆ ಮಾತ್ರ ಅದು ಎತ್ತರಕ್ಕೆ ಹೋಗುತ್ತದೆಯಷ್ಟೆ? ಹಾಗೆಯೇ ವಿದ್ಯುನ್ಮಂಡಲವೊಂದನ್ನು ಯಾವುದೋ ಒಂದು ಕಂಪನಸಂಖ್ಯೆಗೆ ಮಾತ್ರ ವಿಶೇಷವಾಗಿ ಓಗೊಡುವಂತೆ ರಚಿಸಬಹುದು. ಇಂಥ ಹತ್ತಾರು ಮಂಡಲಗಳನ್ನು ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಮೇಲಕ್ಕೂ ಕೆಳಕ್ಕೂ ಸರಿಯುವ ಹಿಡಿಯೊಂದನ್ನು ಕೊಟ್ಟಿದ್ದಾರೆ. ಹಿಡಿಗಳು ನಿಂತ ಎತ್ತರವೇ ನಕ್ಷೆಯಂತೆ ಕಾಣುವುದರಿಂದ ಉಪಕರಣಕ್ಕೆ ಆ ಹೆಸರು. ಹಿಡಿಯನ್ನು 12 ಡೆಸಿಬೆಲ್ ಕೆಳಕ್ಕೆಳೆದರೆ ಆ ಪಟ್ಟಿಯ ಶಕ್ತಿ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬೇಸ್ ಗಿಟಾರಿರುವ ಪಟ್ಟಿಗಳನ್ನು ತಗ್ಗಿಸಿ, 1,000ದಿಂದ 4,000ದ ಪಟ್ಟಿಗಳನ್ನು ಏರಿಸಿದಾಗ ಹಾಡು ತಗಡಿನ ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಕೇಳಲು ಹಿತವಿಲ್ಲ, ಆದರೆ ವ್ಯಂಜನಗಳ ಅಂಚುಗಳು ತಲೆಯೆತ್ತುತ್ತವೆ.

ಉಪಕರಣಕ್ಕೆ ಇದಕ್ಕಿಂತ ಹೆಚ್ಚಿನ ವಿವೇಕವಿಲ್ಲ. ಗಿಟಾರಿನ ಮೇಲಿನ ಸ್ವರಗಳೂ ಡ್ರಮ್ಮಿನ ತಾಳತಟ್ಟೆಯೂ ಟೇಪಿನ ಹಿಸ್ಸೆಂಬ ಸದ್ದೂ ಅದೇ ಪಟ್ಟಿಗಳಲ್ಲಿವೆ. ಕಂಠದೊಡನೆ ಅವೂ ಏರುತ್ತವೆ. ಮಿಕ್ಕ ಕೆಲಸವನ್ನು ಕೇಳುವವನು ಮತ್ತೆ ಮತ್ತೆ ಕೇಳಿ ಮಾಡಬೇಕು. ಅಪಾಯವಿರುವುದೂ ಇಲ್ಲಿಯೇ. 1970ರಲ್ಲಿ ರಿಚರ್ಡ್ ವಾರನ್ ಎಂಬ ಮನಶ್ಶಾಸ್ತ್ರಜ್ಞನು ಇಂಗ್ಲಿಷ್ ವಾಕ್ಯವೊಂದರ ನಡುವಣ ಒಂದು ‘ಸ’ಕಾರವನ್ನು ಕತ್ತರಿಸಿ, ಅಲ್ಲಿ ಕೆಮ್ಮಿನ ಸದ್ದನ್ನು ಸೇರಿಸಿದನು. ಕೇಳಿದವರಿಗೆ ಇಲ್ಲದ ಅಕ್ಷರವು ಸ್ಪಷ್ಟವಾಗಿ ಕೇಳಿಸಿತು! ಮೆದುಳು ತನಗೆ ತಿಳಿದ ಭಾಷೆಯಿಂದ ತೂತನ್ನು ಮುಚ್ಚಿಬಿಡುತ್ತದೆ; ಮುಚ್ಚಿದೆನೆಂದು ನಮಗೆ ಹೇಳುವುದೂ ಇಲ್ಲ. ಸಮ್ನರನಂತೆ ಹಾಡುಗಾರನ ಪಕ್ಕದಲ್ಲಿ ವರ್ಷಗಟ್ಟಲೆ ನಿಂತವನು ಹೊರಗಿನವರಿಗಿಂತ ಚೆನ್ನಾಗಿ ಊಹಿಸಿಯಾನು. ಆದರೂ ಅದು ಊಹೆಯೇ.

ಈಗ ಗಣಕಯಂತ್ರಗಳು ಬೇರೆಯ ದಾರಿ ಹಿಡಿದಿವೆ. ಕಂಠದ ಮತ್ತು ವಾದ್ಯಗಳ ಸಾವಿರಾರು ಮಾದರಿಗಳನ್ನು ಅವುಗಳಿಗೆ ಕಲಿಸಿ, ಕಂಪನಸಂಖ್ಯೆಯೊಂದನ್ನೇ ನೋಡದೆ ಅದು ಕಾಲದೊಡನೆ ಬದಲಾಗುವ ರೀತಿಯನ್ನೂ ಗಮನಿಸಿ ಬೇರ್ಪಡಿಸುವಂತೆ ಮಾಡಿದ್ದಾರೆ. 1970ರ ದಶಕದ ಕ್ಯಾಸೆಟ್ಟೊಂದರಲ್ಲಿ ಪಿಯಾನೋ ಮರೆಮಾಡಿದ್ದ ಜಾನ್ ಲೆನನ್ನನ ಕಂಠವನ್ನು ಹೀಗೆ ಬಿಡಿಸಿ ತೆಗೆದದ್ದರಿಂದ 2023ರಲ್ಲಿ ಬೀಟಲ್ಸ್ ತಂಡದ ಹಾಡೊಂದು ಹೊರಬಂದಿತು. ಈ ಯಂತ್ರಗಳೂ ಕಲಿತ ಮಾದರಿಗಳ ಬಲದಿಂದಲೇ ನಿರ್ಣಯಿಸುತ್ತವೆಂಬುದು ನೆನಪಿರಲಿ. ಧ್ವನಿ ಪೂರ್ತಿಯಾಗಿ ಅಳಿದಿದ್ದ ಕಡೆ ಅವು ಕೊಡುವುದೂ ಊಹೆಯನ್ನೇ.

ನ್ಯೂ ಆರ್ಡರಿನ ‘ಸೆರಮನಿ’ 1981ರಲ್ಲಿ ಪ್ರಕಟವಾಯಿತು, ಹಾಡಿದವನು ಸಮ್ನರ್. ಬರ್ಮಿಂಗ್‌ಹ್ಯಾಮಿನ ಟೇಪು ಅದೇ ವರ್ಷದ ಅಕ್ಟೋಬರಿನಲ್ಲಿ ‘ಸ್ಟಿಲ್’ ಎಂಬ ಜೋಡಿ ಧ್ವನಿಮುದ್ರಿಕೆಯಲ್ಲಿ ಹೊರಬಂದಿತು. ಅದರಲ್ಲಿ ಈ ಹಾಡಿನ ಆರಂಭವೇ ಇಲ್ಲ. ಕರ್ಟಿಸನ ಕಂಠವೂ ಮೊದಮೊದಲು ಬಹು ಕ್ಷೀಣ. ಅಭ್ಯಾಸದ ಟೇಪು 1997ರಲ್ಲಿ ಪ್ರಕಟವಾಯಿತು. ಎರಡನ್ನೂ ಒಂದಾದ ಮೇಲೊಂದರಂತೆ ಕೇಳಿ, ಬಳಿಕ ಸಮ್ನರ್ ಹಾಡಿದ್ದನ್ನು ಕೇಳಿದರೆ, ಯಾವ ಮಾತು ಟೇಪಿನಲ್ಲಿದೆ, ಯಾವುದು ನಮ್ಮ ಕಿವಿಯಲ್ಲಿದೆ ಎಂಬುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಆದರೆ ಸಮ್ನರನ ಹಾಡನ್ನು ಮೊದಲೇ ಕೇಳಿಬಿಟ್ಟರೆ ಪ್ರಯೋಗ ಕೆಟ್ಟಿತು.